ಬಾಲನಟರ ಆಯ್ಕೆ: ಕಣ್ಣಿನ ಪರೀಕ್ಷೆಯೋ ಕಿವಿಯ ಪರೀಕ್ಷೆಯೋ?

ನವಿ ಮುಂಬಯಿಯ ವಾಶಿಯಲ್ಲಿರುವ ನಾಟ್ಯಗೃಹಕ್ಕೆ ವಿಷ್ಣುದಾಸ ಭಾವೆಯವರ ಹೆಸರಿದೆ. ಉತ್ತರ ಕನ್ನಡದ ಕರ್ಕಿಯಿಂದ ಸಾಂಗ್ಲಿಗೆ ಹೋದ ಭಾಗವತ ಮೇಳದ ಆಟವನ್ನು ಕಂಡು ಮೆಚ್ಚಿದ ಅಲ್ಲಿಯ ಸಂಸ್ಥಾನಾಧಿಪತಿ ಚಿಂತಾಮಣರಾವ್ ಪಟವರ್ಧನರು ಅಂಥದೊಂದನ್ನು ಮರಾಠಿಯಲ್ಲಿ ರಚಿಸುವಂತೆ ಭಾವೆಯವರಿಗೆ ಹೇಳಿದರೆಂಬುದೂ, 1843ರಲ್ಲಿ ‘ಸೀತಾ ಸ್ವಯಂವರ’ ಆಡಲ್ಪಟ್ಟಿತೆಂಬುದೂ, 1880ರಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರೆಂಬುದೂ ಈ ಭಾಗದ ಕನ್ನಡಿಗರು ಸಭೆಗಳಲ್ಲಿ ಮೇಲಿಂದ ಮೇಲೆ ನೆನೆಯುವ ಸಂಗತಿಗಳು. ನೆನೆಯುವುದು ತಪ್ಪಲ್ಲ. ಆದರೆ ಅದೇ ವಾಶಿಯಲ್ಲಿ, ಠಾಣೆಯ ಗಡಕರಿ ರಂಗಾಯತನದಲ್ಲಿ, ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರದಲ್ಲಿ, ಕಲ್ಯಾಣದ ಆಚಾರ್ಯ ಅತ್ರೆ ರಂಗಮಂದಿರದಲ್ಲಿ ಕನ್ನಡ ಮಕ್ಕಳ ಸಂಗೀತನಾಟಕವೊಂದು ನಿಲ್ಲಬೇಕಾದರೆ ಅದರ ಹಣೆಬರಹ ನಿರ್ಧಾರವಾಗುವುದು ಒಂದು ಆದಿತ್ಯವಾರ ಬೆಳಿಗ್ಗೆ ಸಂಘದ ಕೊಠಡಿಯಲ್ಲಿ ನಡೆಯುವ ಪಾತ್ರಪರೀಕ್ಷೆಯಲ್ಲಿ, ಈಗಿನ ಮಾತಿನಲ್ಲಿ ಆಡಿಷನ್ನಿನಲ್ಲಿ. ಪ್ರಯೋಗದ ಮೇಲೆ ಪುಟಗಟ್ಟಲೆ ಬರೆಯುವ ವಿಮರ್ಶಕರು ಈ ಪರೀಕ್ಷೆಯ ಕಡೆಗೆ ಕಣ್ಣೆತ್ತಿಯೂ ನೋಡುವುದಿಲ್ಲ.

ಹಳೆಯ ವೃತ್ತಿಕಂಪನಿಗಳಲ್ಲಿ ಈ ಕೆಲಸ ಸರಳವಾಗಿತ್ತು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಹುಡುಗನ ಕಂಠ ಕೊನೆಯ ಸಾಲಿನವರಿಗೆ ಮುಟ್ಟಬೇಕು, ಪೇಟಿಯ ಶ್ರುತಿಗೆ ಕೂಡಬೇಕು, ಬಾಯಿಂದ ಬಾಯಿಗೆ ಹೇಳಿಕೊಟ್ಟದ್ದು ನಿಲ್ಲಬೇಕು. ಓದುಬರಹ ಆಮೇಲಿನ ಮಾತು. 1910ರ ಕೊನೆಯಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನ್ಸೂರರು ಬಾಲಕರಾಗಿದ್ದಾಗಲೇ ನಾಟಕ ಕಂಪನಿಯ ರಂಗವೇರಿ, ಅಲ್ಲಿಂದ ಮಿರಜಿನ ನೀಲಕಂಠಬುವಾರ ಶಿಷ್ಯತ್ವಕ್ಕೆ ಸಂದರು. 1905ರಲ್ಲಿ ಕಿರ್ಲೋಸ್ಕರ ಮಂಡಳಿಯನ್ನು ಸೇರಿದ ಬಾಲಗಂಧರ್ವರಿಗೆ ಕಿವಿ ಮಂದವಾಗಿತ್ತು. ಇಂದಿನ ಅರ್ಜಿಪತ್ರದಲ್ಲಿ ಅದೊಂದು ಕಲಮು ಸಾಕಿತ್ತು, ಅವರನ್ನು ಹೊರಗಿಡಲು. ಆ ಕಂಪನಿಗಳ ಬಾಳು ಮಕ್ಕಳಿಗೆ ಸುಖಕರವಾಗಿತ್ತೆಂದು ಯಾರೂ ವಾದಿಸಲಾರರು. ಆದರೂ ಅವುಗಳ ಪರೀಕ್ಷೆ ಪರೀಕ್ಷಿಸಬೇಕಾದುದನ್ನೇ ಪರೀಕ್ಷಿಸುತ್ತಿತ್ತು.

ಈಗಿನ ಸಂಘಗಳಲ್ಲಿ ಮಗುವಿನ ಕೈಗೆ ಕನ್ನಡ ಪುಟವೊಂದನ್ನು ಕೊಟ್ಟು ಓದಿಸುವ ಪದ್ಧತಿಯುಂಟು. ಊರಿನಲ್ಲಿ ಇದು ಸಹಜ, ಇಲ್ಲಿ ಹಾಗಲ್ಲ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಂಥ ಶಾಲೆಯಿದ್ದರೂ, ಈ ಪರಿಸರದ ಕನ್ನಡ ಮನೆತನಗಳ ಬಹುಪಾಲು ಮಕ್ಕಳು ಶಾಲೆಯಲ್ಲಿ ಕಲಿಯುವುದು ಇಂಗ್ಲಿಷ್, ಮರಾಠಿ, ಹಿಂದಿ. ಮನೆಯ ಮಾತು ಹಲವರಿಗೆ ತುಳು, ಕೆಲವರಿಗೆ ಕೊಂಕಣಿ, ಉಳಿದವರಿಗೆ ಧಾರವಾಡದ್ದೋ ವಿಜಾಪುರದ್ದೋ ಆದ ಕನ್ನಡ. ಓದಲು ತಡವರಿಸಿದ ಮಗುವನ್ನು ಹಿಂದಕ್ಕೆ ಕಳುಹಿಸಿದರೆ ಲಿಪಿ ಬಾರದವನನ್ನು ಭಾಷೆ ಬಾರದವನೆಂದು ತೀರ್ಪು ಕೊಟ್ಟಂತಾಯಿತು. ಆ ಮಗು ಎರಡನೆಯ ಸಲ ಸಂಘದ ಮೆಟ್ಟಿಲೇರುವುದು ಸಂಶಯ.

ಕರುಣೆಯುಳ್ಳ ನಿರ್ದೇಶಕರು ದೇವನಾಗರಿಯಲ್ಲಿ ಪಾಠವನ್ನು ಬರೆದುಕೊಡುತ್ತಾರೆ. ಇದು ಇನ್ನೊಂದು ಬಗೆಯ ಅಪಾಯ. ಮರಾಠಿಯ ರೂಢಿಯ ಬರಹದಲ್ಲಿ ಎಕಾರ ಏಕಾರಗಳಿಗಾಗಲಿ ಒಕಾರ ಓಕಾರಗಳಿಗಾಗಲಿ ಪ್ರತ್ಯೇಕ ಚಿಹ್ನೆಗಳಿಲ್ಲ. ಹೀಗಾಗಿ ಹೊಲದ ‘ಬೆಳೆ’ ಅಡಿಗೆಮನೆಯ ‘ಬೇಳೆ’ಯಾಗುತ್ತದೆ, ‘ಕೊಡು’ ಎಂದು ಬೇಡುವ ಪಾತ್ರ ‘ಕೋಡು’ ಎನ್ನುತ್ತದೆ. ಪ್ರೇಕ್ಷಕರು ನಗುತ್ತಾರೆ, ದೋಷ ಮಗುವಿನ ತಲೆಗೆ ಬರುತ್ತದೆ. ಗಮನಿಸಬೇಕಾದ ಅಂಶವೆಂದರೆ, ತುಳು ಮನೆಯಲ್ಲಿ ಬೆಳೆದ ಮಗುವಿಗೆ ಈ ಹ್ರಸ್ವದೀರ್ಘಗಳ ಭೇದ ಕಿವಿಗೆ ಚೆನ್ನಾಗಿ ತಿಳಿದಿದೆ. ಮರಾಠಿ ನೆರೆಯಿಂದ ಳಕಾರವೂ ಕೈಗೂಡಿದೆ. ಕಿವಿಯಲ್ಲಿದ್ದುದನ್ನು ಕಾಗದ ಕಸಿದುಕೊಂಡಿತು, ಅಷ್ಟೆ. ಆದ್ದರಿಂದ ಕಾಗದವನ್ನು ಮಡಿಸಿಟ್ಟು, ನಾಲ್ಕು ಸಾಲಿನ ಹಾಡೊಂದನ್ನು ಹೇಳಿಕೊಟ್ಟು, ಮಗು ಮೂರನೆಯ ಸಲಕ್ಕೆ ಎಷ್ಟನ್ನು ಹಿಡಿಯಿತೆಂದು ನೋಡುವುದೇ ಸಂಗೀತನಾಟಕಕ್ಕೆ ತಕ್ಕ ಪರೀಕ್ಷೆ. ಮಟ್ಟು ಹಾಕುವವರೂ ಇಲ್ಲಿ ಹೊಣೆಗಾರರು: ಹ್ರಸ್ವಾಕ್ಷರವನ್ನು ಎರಡು ಮಾತ್ರೆಗೆ ಎಳೆಯುವ ಮಟ್ಟು ಕಲಿಯುವ ಮಗುವಿಗೆ ತಪ್ಪನ್ನೇ ಕಲಿಸುತ್ತದೆ.

ಎಲ್ಲರನ್ನೂ ಸೇರಿಸಿಕೊಂಡರೆ ಪ್ರಯೋಗದ ಮಟ್ಟ ಕುಸಿಯುವುದೆಂಬ ಆಕ್ಷೇಪ ಬರುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ. ಶ್ರುತಿ ತಪ್ಪುವ ಮಗುವನ್ನು ಪ್ರಮುಖ ಗಾಯಕಪಾತ್ರಕ್ಕೆ ನಿಲ್ಲಿಸುವುದು ಆ ಮಗುವಿಗೂ ಹಿತವಲ್ಲ. ಉತ್ತರವಿರುವುದು ನಾಟಕದ ಆಯ್ಕೆಯಲ್ಲಿ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಬ್ರೌನಿಂಗ್ ಕವಿಯ ಕಥನಕವನವನ್ನು ಅನುಸರಿಸಿದ್ದು. ಅದನ್ನು ರಂಗಕ್ಕೆ ತಂದರೆ ಇಲಿಗಳ ಹಿಂಡೂ ಬೇಕು, ಮಕ್ಕಳ ಹಿಂಡೂ ಬೇಕು. ಬಿ. ವಿ. ಕಾರಂತರ ‘ಪಂಜರ ಶಾಲೆ’, ಠಾಕೂರರ ಗಿಣಿಯ ಕಥೆಯಿಂದ ಹುಟ್ಟಿದ್ದು, ಮೇಳಕ್ಕೆ ವಿಪುಲವಾದ ಅವಕಾಶವನ್ನು ಕೊಡುತ್ತದೆ. ಗಿಣಿಗೆ ಪುಸ್ತಕ ತುರುಕುವ ವಿದ್ವಾಂಸರನ್ನು ಹಾಸ್ಯಮಾಡುವ ಆ ನಾಟಕಕ್ಕೆ ಓದಿನ ಪರೀಕ್ಷೆಯಿಂದ ಮಕ್ಕಳನ್ನು ಆರಿಸುವುದು ಸಾಮಾನ್ಯ ವಿನೋದವಲ್ಲ! ಸ್ವತಃ ಕಾರಂತರು ಮೂರನೆಯ ತರಗತಿಯಲ್ಲಿ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಅಭಿನಯಿಸಿದವರು, ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದವರು. ಮೇಳವೆಂದರೆ ಉಳಿದವರನ್ನು ತುಂಬುವ ಗೋಣಿಯಲ್ಲವೆಂಬುದು ಅವರ ರಂಗಸಂಗೀತವನ್ನು ಕೇಳಿದವರಿಗೆ ತಿಳಿದ ವಿಷಯ. ಬೆನಕದ ಮಕ್ಕಳ ತಂಡವನ್ನು ಬೆಳೆಸಿದ ಪ್ರೇಮಾ ಕಾರಂತರು ಶಾಲೆಯಲ್ಲಿ ಪಾಠ ಹೇಳಿದವರಾಗಿದ್ದುದು ಆಕಸ್ಮಿಕವಲ್ಲ.

ಶ್ರುತಿಯ ವಿಷಯದಲ್ಲಿ ಇನ್ನೊಂದು ಅನ್ಯಾಯ ನಡೆಯುತ್ತಿದೆ. ಮೊಬೈಲಿನಲ್ಲಿ ಮುದ್ರಿತ ಸಂಗೀತವನ್ನು ಹಚ್ಚಿ ಮಗುವನ್ನು ಹಾಡಿಸುತ್ತಾರೆ. ಪ್ರೌಢ ಗಾಯಕನ ಶ್ರುತಿಗೆ ಒಂಬತ್ತು ವರ್ಷದ ಕಂಠ ಇಳಿಯದೆ ಹೋದರೆ ‘ಸ್ವರಜ್ಞಾನವಿಲ್ಲ’ ಎಂಬ ಷರಾ ಬೀಳುತ್ತದೆ. ಹಾರ್ಮೋನಿಯಂ ನುಡಿಸುವವರೊಬ್ಬರು ಮೊದಲು ಮಗುವಿನ ಷಡ್ಜವನ್ನು ಹುಡುಕಿಕೊಡುವುದಕ್ಕೆ ಎರಡು ನಿಮಿಷ ಸಾಕು.

ಇಷ್ಟಾದರೂ ಪರೀಕ್ಷೆಯ ಕೊನೆಯ ಪ್ರಶ್ನೆಯನ್ನು ಕೇಳುವುದು ರೈಲು. ತಾಲೀಮು ವಾಶಿಯಲ್ಲಾದರೆ ಕಲ್ಯಾಣ, ಡೊಂಬಿವಲಿಗಳ ಮಗು ಠಾಣೆಯಲ್ಲಿ ಗಾಡಿ ಬದಲಿಸಬೇಕು. ಜೊತೆಗೆ ತಾಯಿಯೋ ತಂದೆಯೋ ಬರಬೇಕು. ವಾರದಲ್ಲಿ ಎಷ್ಟು ದಿನ ಬಿಡುವಿದೆಯೆಂದು ಕೇಳಿ ಪಾತ್ರ ಹಂಚುವಾಗ ತೂಗುವುದು ತಂದೆಯ ನೌಕರಿಯನ್ನು, ಮಗುವಿನ ಕಂಠವನ್ನಲ್ಲ. ಲಂಡನ್ನಿನಲ್ಲಿ 2005ರಲ್ಲಿ ಆರಂಭವಾದ ‘ಬಿಲಿ ಎಲಿಯಟ್’ ಸಂಗೀತನಾಟಕದ ನಾಯಕಪಾತ್ರವನ್ನು ಮೂವರು ಹುಡುಗರು ಸರದಿಯಿಂದ ಆಡಿದರು. ನ್ಯೂಯಾರ್ಕಿನ ಪ್ರಯೋಗದ ಮೂವರಿಗೆ 2009ರಲ್ಲಿ ಟೋನಿ ಪಾರಿತೋಷಿಕವನ್ನು ಒಟ್ಟಾಗಿಯೇ ಕೊಟ್ಟರು. ದುಡ್ಡಿನ ರಂಗಭೂಮಿಗೆ ಸಾಧ್ಯವಾದದ್ದು ಹವ್ಯಾಸಿ ಸಂಘಕ್ಕೆ ಅಸಾಧ್ಯವಲ್ಲ. ಒಂದೇ ಪಾತ್ರವನ್ನು ಠಾಣೆಯ ಮಗುವೊಂದು, ಕಲ್ಯಾಣದ ಮಗುವೊಂದು ಕಲಿತಿದ್ದರೆ ತಾಲೀಮನ್ನು ಎರಡು ಕಡೆ ನಡೆಸಬಹುದು. ಹದಿಮೂರರ ಹುಡುಗನ ಕಂಠ ಪ್ರಯೋಗದ ವಾರದಲ್ಲೇ ಒಡೆದರೂ ನಾಟಕ ನಿಲ್ಲುವುದಿಲ್ಲ, ಅವನು ಮೇಳದಲ್ಲಿ ತಾಳ ಹಿಡಿದು ನಿಲ್ಲುತ್ತಾನೆ.