ಕಂಬಳಿ ಒಗೆಯುವ ದೇವತೆ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಜೂರಾ, ಸ್ಕಾರ್ಬಾ ಎಂಬ ಎರಡು ದ್ವೀಪಗಳ ನಡುವೆ ಇಕ್ಕಟ್ಟಾದ ಕಡಲಗಂಡಿಯೊಂದಿದೆ. ಉಬ್ಬರದ ನೀರು ಅದರೊಳಗೆ ನುಗ್ಗಿ, ಕಡಲತಳದಿಂದ ಎದ್ದ ಚೂಪು ಬಂಡೆಗೆ ಬಡಿದು ಸುತ್ತತೊಡಗುತ್ತದೆ. ಬಂಡೆಯ ನೆತ್ತಿ ಇರುವುದು ನೀರಿಗಿಂತ 29 ಮೀಟರ್ ಕೆಳಗೆ. ಅಷ್ಟಕ್ಕೇ ಮೇಲೆ ದೋಣಿ ನುಂಗುವಂಥ ಸುಳಿ. ಕೊರಿವ್ರೆಕನ್ ಎಂದು ಅದರ ಹೆಸರು. ಜಾರ್ಜ್ ಆರ್ವೆಲ್ '1984' ಬರೆಯಲು ಜೂರಾದಲ್ಲಿ ಮನೆ ಮಾಡಿಕೊಂಡಿದ್ದಾಗ, 1947ರ ಆಗಸ್ಟಿನಲ್ಲಿ, ಪುಟ್ಟ ಮಗನ ಸಮೇತ ಇಲ್ಲಿ ಮುಳುಗಿಯೇ ಹೋಗಬೇಕಿತ್ತು, ಸ್ವಲ್ಪದರಲ್ಲಿ ಉಳಿದರು. ಚಳಿ ಹತ್ತಿರವಾಗಿ ಗಾಳಿಯೂ ಸೇರಿಕೊಂಡಿತೆಂದರೆ ಈ ಸುಳಿಯ ಮೊರೆತ ಹರದಾರಿಗಟ್ಟಲೆ ದೂರಕ್ಕೆ ಕೇಳಿಸುತ್ತದೆ. ಅಲ್ಲಿನ ಗೇಲಿಕ್ ಭಾಷೆಯ ಜನ ಅದಕ್ಕೆ ಕೊಡುತ್ತಿದ್ದ ಕಾರಣ ಇದು: ಚಳಿಗಾಲದ ದೇವತೆ ಕಾಲ್ಯಾಖ್ ಮುದುಕಿ ತನ್ನ ಚೌಕುಳಿ ಕಂಬಳಿ ಒಗೆಯುತ್ತಿದ್ದಾಳೆ. ಮೂರು ದಿನ ಕುಕ್ಕಿ ಒಗೆದು, ಬೆಳ್ಳಗಾದದ್ದನ್ನು ಬೆಟ್ಟಗಳ ಮೇಲೆ ಹರವುತ್ತಾಳೆ. ವರ್ಷದ ಮೊದಲ ಹಿಮವೆಂದರೆ ಅದೇ.

ಸುಳಿಯ ತಳದ ಆ ಬಂಡೆಗೂ ಅವಳದೇ ಹೆಸರು.

ನವೆಂಬರ್ 1ರ ಸೌವಿನ್ ಹಬ್ಬದಿಂದ ಮೇ 1ರ ಬೆಲ್ಟೇನ್‌ವರೆಗೆ ಕಾಲ್ಯಾಖ್‌ಳ ಆಳ್ವಿಕೆ, ಉಳಿದರ್ಧ ವರ್ಷ ಬ್ರಿಜಿಡ್ ಎಂಬ ಇನ್ನೊಬ್ಬ ದೇವತೆಯದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಕಾಲ್ಯಾಖ್‌ಳನ್ನು ಓದುಗರಿಗೆ ಹೆಚ್ಚು ಪರಿಚಯ ಮಾಡಿಸಿದ್ದು ಡೊನಾಲ್ಡ್ ಮೆಕೆಂಝಿ 1917ರಲ್ಲಿ ತಂದ ಸ್ಕಾಟಿಷ್ ಕಥೆಗಳ ಪುಸ್ತಕ. ಅದರಲ್ಲಿ ಅವಳು ಬೇರಾ ಎಂಬ ಚಳಿಗಾಲದ ರಾಣಿ. ಒಂಟಿ ಕಣ್ಣು, ನೀಲಿಗಟ್ಟಿದ ಮುಖ, ತುಕ್ಕುಬಣ್ಣದ ಹಲ್ಲು, ಕೈಯಲ್ಲಿ ಸುತ್ತಿಗೆ, ಬೆನ್ ನೆವಿಸ್ ಶಿಖರದ ಮೇಲೆ ಸಿಂಹಾಸನ. ಬ್ರೈಡ್ ಎಂಬ ಸುಂದರಿಯನ್ನು ಸೆರೆಯಲ್ಲಿಟ್ಟಿರುತ್ತಾಳೆ, ಆಂಗಸ್ ಎಂಬಾತ ಬಂದು ಬಿಡಿಸುತ್ತಾನೆ, ವಸಂತ ಬರುತ್ತದೆ. ಮಕ್ಕಳಿಗೆ ಓದಿ ಹೇಳಲು ಚೆಂದದ ಕಥೆ. ಆದರೆ ಒಬ್ಬ ಲೇಖಕ ಊರೂರಿನ ತುಣುಕುಗಳನ್ನು ಒಟ್ಟಿಗೆ ಹೊಲಿದು ಸಿಂಗರಿಸಿದ ಕಥೆ ಅದು. ಹೊಲಿಗೆ ಬಿಚ್ಚಿ ಒಂದೊಂದು ತುಣುಕನ್ನೂ ಬೇರೆಬೇರೆಯಾಗಿ ನೋಡಿದರೆ ಸಿಂಹಾಸನದ ಮೇಲೆ ಕೂತವಳು ಎಲ್ಲೂ ಸಿಗುವುದಿಲ್ಲ. ಸಿಗುವವಳು ಬೆಳಗಿನಿಂದ ಬೈಗಿನವರೆಗೆ ದುಡಿಯುವ ಮುದುಕಿ. ಬಟ್ಟೆ ಒಗೆಯುತ್ತಾಳೆ, ಜಿಂಕೆಗಳನ್ನು ದನಗಳಂತೆ ಮೇಯಿಸಿ ಹಾಲು ಕರೆಯುತ್ತಾಳೆ. ಐರ್ಲೆಂಡಿನ ಲಾಕ್‌ಕ್ರೂ ಗುಡ್ಡಗಳ ಮೇಲೆ ಐದು ಸಾವಿರ ವರ್ಷಗಳಷ್ಟು ಹಳೆಯ ಕಲ್ಲುಗೋರಿಗಳಿವೆ. ಇವಳು ಮಡಿಲ ತುಂಬ ಕಲ್ಲು ಹೊತ್ತು ಗುಡ್ಡದಿಂದ ಗುಡ್ಡಕ್ಕೆ ಹಾರುವಾಗ ಉದುರಿಸಿದವಂತೆ. ಸ್ಕಾಟ್ಲೆಂಡಿನ ಬೆನ್ ಕ್ರೂಅಖನ್ ಬೆಟ್ಟದ ಬಾವಿಗೆ ಸಂಜೆಯಾಗುತ್ತಲೇ ಚಪ್ಪಡಿ ಮುಚ್ಚುವುದೂ ಇವಳದೇ ಕೆಲಸ. ಒಂದು ದಿನ ದಣಿದು ನಿದ್ದೆಹೋದಳು. ಬಾವಿ ಉಕ್ಕಿ ಕಣಿವೆಯೆಲ್ಲ ತುಂಬಿತು. ಅದೇ ಈಗಿನ 'ಲಾಖ್ ಆ' ಸರೋವರ. ಅವಳನ್ನು ಇಷ್ಟು ಹತ್ತಿರದವಳನ್ನಾಗಿ ಮಾಡುವುದು ಈ ದಣಿವೇ ಎಂದು ನನಗನ್ನಿಸುತ್ತದೆ.

ಫೆಬ್ರವರಿ 1ರ ನಂಬಿಕೆಯಲ್ಲೂ ಇರುವುದು ಮನೆಗೆಲಸವೇ. ಅಂದು ಅವಳ ಸೌದೆ ಮುಗಿದಿರುತ್ತದೆ. ಚಳಿಯನ್ನು ಇನ್ನಷ್ಟು ದಿನ ಎಳೆಯುವ ಮನಸ್ಸಿದ್ದರೆ ಬಿಸಿಲು ಬರಿಸಿ ಒಣ ಪುರಳೆ ಆಯಲು ಹೊರಡುತ್ತಾಳೆ. ದಿನವಿಡೀ ಮಳೆ ಹಿಡಿದಿದ್ದರೆ ಮುದುಕಿ ಮಲಗಿದ್ದಾಳೆ, ಚಳಿಗಾಲ ಮುಗಿಯುತ್ತ ಬಂತು ಎಂದು ಜನ ನೆಮ್ಮದಿಪಡುತ್ತಿದ್ದರು. ಮ್ಯಾನ್ ದ್ವೀಪದಲ್ಲಂತೂ ಅವಳು ದೊಡ್ಡ ಹಕ್ಕಿಯಾಗಿ ಕೊಕ್ಕಿನಲ್ಲಿ ಕಡ್ಡಿ ಕಚ್ಚಿಕೊಂಡು ಹಾರುತ್ತಾಳೆ.

ಸುಗ್ಗಿಯ ಹೊತ್ತಿಗೆ ಇದೇ ಮುದುಕಿ ಭಯ ಹುಟ್ಟಿಸುತ್ತಾಳೆ. ಕುಯ್ಲು ಮೊದಲು ಮುಗಿಸಿದ ರೈತ ಕೊನೆಯ ಸಿವುಡಿನಿಂದ ಅವಳ ಬೊಂಬೆ ಕಟ್ಟಿ, ಇನ್ನೂ ಕುಯ್ಯುತ್ತಿರುವ ನೆರೆಯವನ ಹೊಲಕ್ಕೆ ದಾಟಿಸುತ್ತಿದ್ದ. ಅವನು ಮುಂದಿನವನಿಗೆ. ಎಲ್ಲರಿಗಿಂತ ಹಿಂದೆ ಬಿದ್ದವನ ಮನೆಗೆ ಬೊಂಬೆ ಸೇರಿತೆಂದರೆ ಚಳಿಗಾಲ ಪೂರ್ತಿ ಮುದುಕಿಯನ್ನು ಸಾಕುವ ಹೊಣೆ ಅವನದು. ಕಣಜ ಅರ್ಧಕ್ಕೇ ನಿಂತ ವರ್ಷ ಮನೆಯಲ್ಲಿ ಇನ್ನೊಂದು ಹೊಟ್ಟೆ ಎಂದರೆ ಏನೆಂಬುದು ಉಂಡವರಿಗಿಂತ ಹಸಿದವರಿಗೆ ಚೆನ್ನಾಗಿ ಗೊತ್ತು. ದೇವತೆಯ ಹೆಸರಿನಲ್ಲಿ ಆ ಜನ ಆಡುತ್ತಿದ್ದದ್ದು ಈ ಹಸಿವಿನ ಮಾತನ್ನೇ.

ಇವಳನ್ನು ಕಣ್ಣಾರೆ ನೋಡಬೇಕೆನ್ನುವವರು ಪರ್ತ್‌ಶೈರ್‌ನ ಗ್ಲೆನ್ ಲಯನ್ ಕಣಿವೆಯ ಒಳಮೂಲೆಗೆ ಹೋಗಬೇಕು. ಅಲ್ಲೊಂದು ಪುಟ್ಟ ಕಲ್ಲುಮನೆಯಿದೆ. ಮೇಲೆ ಹುಲ್ಲುಹೆಂಟೆಯ ಹೊದಿಕೆ, ಒಳಗೆ ಹೋಗಬೇಕೆಂದರೆ ಮನುಷ್ಯರಿಗೆ ಜಾಗವಿಲ್ಲ. ಅಲ್ಲಿರುವುದು ಹೊಳೆಯ ನೀರು ನಡು ಸವೆಸಿ ರೂಪ ಕೊಟ್ಟ ಕಲ್ಲುಗಳು. ಹೆಚ್ಚುಕಡಿಮೆ ಮೊಳದೆತ್ತರದ್ದು ಮುದುಕಿ, ಪಕ್ಕದಲ್ಲಿ ಮುದುಕ, ಮಗಳು. ಉಳಿ ಮುಟ್ಟಿಲ್ಲ, ಕಣ್ಣುಮೂಗು ಕೆತ್ತಿಲ್ಲ. ಹಿಮದ ರಾತ್ರಿ ಬಂದ ಬಸುರಿಗೂ ಅವಳ ಗಂಡನಿಗೂ ಕಣಿವೆಯವರು ಆಸರೆ ಕೊಟ್ಟರು, ಅವರು ಕಣಿವೆಯನ್ನು ಹರಸಿದರು ಎಂಬುದು ಐತಿಹ್ಯ. ಮೇ ಆರಂಭಕ್ಕೆ ಈ ಕಲ್ಲಿನ ಕುಟುಂಬವನ್ನು ಹೊರಗೆ ತಂದು ಕಣಿವೆಯ ಕಡೆ ಮುಖ ಮಾಡಿ ನಿಲ್ಲಿಸುತ್ತಾರೆ. ನವೆಂಬರ್‌ಗೆ ಒಳಗಿಟ್ಟು ಬಾಗಿಲು ಮುಚ್ಚುತ್ತಾರೆ. ದನಕುರಿ ಮೇಲಿನ ಹುಲ್ಲುಗಾವಲಿಗೆ ಹತ್ತುತ್ತಿದ್ದದ್ದೂ ಇಳಿಯುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಗುಡಿ, ಪಂಚಾಂಗ ಎರಡೂ ಒಂದರಲ್ಲೇ ಇರುವ ಇಂಥ ಜಾಗಗಳ ಮುಂದೆ ಮೆಕೆಂಝಿಯ ರಾಣಿ ಸಪ್ಪೆ.

ಐರ್ಲೆಂಡಿನ ಕಥೆಯೊಂದನ್ನು ಹೇಳದಿದ್ದರೆ ಈ ಬರಹ ಅಪೂರ್ಣ. ಪಾದ್ರಿಯೊಬ್ಬ ಮುದುಕಿಗೆ ವಯಸ್ಸೆಷ್ಟೆಂದು ಕೇಳಿದ. ವರ್ಷಕ್ಕೊಂದು ಎತ್ತು ಕಡಿಯುತ್ತೇನೆ, ಎಲುಬೆಲ್ಲ ಅಟ್ಟದ ಮೇಲಿವೆ, ಎಣಿಸಿಕೋ ಎಂದಳು. ಅವನ ಹುಡುಗ ಅಟ್ಟ ಹತ್ತಿ ಎಲುಬು ಎಸೆಯತೊಡಗಿದ, ಪಾದ್ರಿ ಒಂದೊಂದಕ್ಕೂ ಗೀಟು ಹಾಕಿದ, ಹಾಳೆ ಮುಗಿಯಿತು. ಅಟ್ಟದ ಒಂದು ಮೂಲೆಯೂ ಖಾಲಿಯಾಗಿಲ್ಲ ಎಂದ ಹುಡುಗ. ಇಷ್ಟು ದಿನ ಬದುಕಿದ್ದು ಹೇಗೆಂದು ಕೇಳಿದರೆ, ಹಸಿಯದೆ ಉಂಡವಳಲ್ಲ, ಒಂದು ಕೊಚ್ಚೆಯ ಕೆಸರನ್ನು ಇನ್ನೊಂದಕ್ಕೆ ಹೊತ್ತವಳಲ್ಲ ಎಂದಳಂತೆ.

ಇಂಥವನ್ನು ಹುಡುಕುವವರಿಗೆ ದೊಡ್ಡ ಗಣಿಯೇ ಇದೆ. 1937ರಿಂದ 1939ರವರೆಗೆ ಐರ್ಲೆಂಡಿನ ಸುಮಾರು 5,000 ಶಾಲೆಗಳ 50,000ಕ್ಕೂ ಹೆಚ್ಚು ಮಕ್ಕಳು ಮನೆಯ, ನೆರೆಮನೆಯ ಹಿರಿಯರನ್ನು ಕೇಳಿ ಕಥೆಗಳನ್ನು ನೋಟ್‌ಬುಕ್ಕಿಗೆ ಇಳಿಸಿದರು. ಆ ಕೈಬರಹದ ಪುಟಗಳು ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅವಳ ಹೆಸರಿನ ಬಂಡೆಯಿರುವ ಕಾರ್ಕ್ ಜಿಲ್ಲೆಯ ಬೇರಾ ಪ್ರದೇಶ, ಲಾಕ್‌ಕ್ರೂ ಗೋರಿಗಳಿರುವ ಮೀತ್ ಜಿಲ್ಲೆ, ಈ ಎರಡು ಕಡೆಯ ಪುಟಗಳಿಂದ ಓದು ಶುರುಮಾಡಿ.