ದಾನವದೇಹವೂ ಮಾನವಾಶ್ರುವೂ: ‘ಡೆವಿಲ್‌ಮ್ಯಾನ್ ಕ್ರೈಬೇಬಿ’ ಚಿತ್ರಮಾಲೆಯ ವಿಮರ್ಶೆ

ಮನುಷ್ಯನು ರಾಕ್ಷಸನಾಗುವ ಕಥೆಯು ಯಾವ ದೇಶದ ಸಾಹಿತ್ಯಕ್ಕೂ ಹೊಸದಲ್ಲ. ಮಹಾಭಾರತದ ಆದಿಪರ್ವದಲ್ಲಿ ಕಲ್ಮಾಷಪಾದನೆಂಬ ರಾಜನ ದೇಹವನ್ನು ರಾಕ್ಷಸನೊಬ್ಬನು ಹೊಗುತ್ತಾನೆ; ರಾಜನು ವಸಿಷ್ಠರ ಮಕ್ಕಳನ್ನು ಭಕ್ಷಿಸುತ್ತಾನೆ; ಹನ್ನೆರಡು ವರ್ಷಗಳು ಕಳೆದಮೇಲೆ ಆ ವಸಿಷ್ಠರಿಂದಲೇ ಆತನಿಗೆ ಬಿಡುಗಡೆಯಾಗುತ್ತದೆ. ಇಲ್ಲಿ ವಿಕಾರಕ್ಕೆ ಶಾಪವು ಕಾರಣ, ಶಾಪಕ್ಕೆ ಅವಧಿಯುಂಟು, ಅವಧಿ ತೀರಿದಮೇಲೆ ವಿಮೋಚನೆಯುಂಟು. ಜಪಾನೀಯರ ಪರಂಪರೆಯು ಬೇರೊಂದು ಬಗೆಯದು. ಅವರ ‘ನೋ’ ನಾಟಕದಲ್ಲಿ ಅಸೂಯೆಯಿಂದಲೂ ದುಃಖದಿಂದಲೂ ಬೆಂದು ಪಿಶಾಚಿಯಾದ ಹೆಂಗಸಿಗೆ ‘ಹನ್ಯ’ ಎಂಬ ಕೊಂಬಿನ ಮುಖವಾಡವನ್ನು ತೊಡಿಸುವರು. ನಟನು ನೇರವಾಗಿ ಮುಂದಕ್ಕೆ ನೋಡಿದರೆ ಆ ಮುಖವಾಡವು ಕ್ರೋಧದಿಂದ ಉರಿಯುವಂತೆಯೂ, ತುಸು ಬಾಗಿಸಿದರೆ ಅಳುವಂತೆಯೂ ತೋರುವುದು. ಒಂದೇ ಮುಖದಲ್ಲಿ ಭಯವನ್ನೂ ಶೋಕವನ್ನೂ ಹುದುಗಿಸಿರುವ ಈ ಕಲಾದೃಷ್ಟಿಯನ್ನು ನೆನಪಿನಲ್ಲಿಟ್ಟುಕೊಂಡು ನೋಡಿದರೆ, ‘ಡೆವಿಲ್‌ಮ್ಯಾನ್ ಕ್ರೈಬೇಬಿ’ ಎಂಬ ಈಚಿನ ಅನಿಮೆ ಚಿತ್ರಮಾಲೆಯ ಮರ್ಮವು ತಿಳಿಯುತ್ತದೆ.

ಈ ಕಥೆಯ ಮೂಲವು ಗೋ ನಾಗಾಯ್ ಎಂಬ ಚಿತ್ರಕಥಾಕಾರರದು. 1972–73ರಲ್ಲಿ ಅವರು ಇದನ್ನು ಹುಡುಗರ ವಾರಪತ್ರಿಕೆಯೊಂದರಲ್ಲಿ ‘ಮಾಂಗಾ’ ರೂಪದಲ್ಲಿ ಪ್ರಕಟಿಸಿದರು. ಅದೇ ಕಾಲದಲ್ಲಿ ದೂರದರ್ಶನಕ್ಕಾಗಿ 39 ಕಂತುಗಳ ಮಾಲೆಯೂ ಸಿದ್ಧವಾಯಿತು; ಆದರೆ ಅದು ಬಾಲಕರಿಗೆ ಒಪ್ಪುವ ವೀರಕಥೆ. ಮೂಲದ ಘೋರವಾದ ಅಂತ್ಯವು ಅದರಲ್ಲಿಲ್ಲ. ಆ ಅಂತ್ಯವನ್ನು ಕೈಬಿಡದೆ ಕಥೆಯನ್ನು ಪೂರ್ಣವಾಗಿ ಚಿತ್ರಿಸಿದ ಕೀರ್ತಿಯು ನಿರ್ದೇಶಕ ಮಸಾಕಿ ಯುವಾಸ ಅವರಿಗೂ ಚಿತ್ರನಾಟಕವನ್ನು ಬರೆದ ಇಚಿರೋ ಓಕೌಚಿ ಅವರಿಗೂ ಸಲ್ಲತಕ್ಕದ್ದು. 10 ಕಂತುಗಳ ಈ ಮಾಲೆಯನ್ನು 2018ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆಯು ಲೋಕಕ್ಕೆ ತೋರಿಸಿತು. ಹೆಸರಿಗೆ ಹೊಸದಾಗಿ ಸೇರಿದ ‘ಕ್ರೈಬೇಬಿ’ ಎಂಬ ಮಾತಿಗೆ ‘ಅಳುಬುರುಕ’ ಎಂದರ್ಥ. ಈ ಒಂದು ಮಾತಿನಲ್ಲಿಯೇ ಯುವಾಸರ ವ್ಯಾಖ್ಯಾನವೆಲ್ಲವೂ ಅಡಗಿದೆಯೆನ್ನಬಹುದು.

ಕಥಾಸಾರವಿಷ್ಟು. ಅಕಿರ ಫುಡೊ ಎಂಬ ಹುಡುಗನು ಸೌಮ್ಯಸ್ವಭಾವದವನು. ಪರರ ದುಃಖವನ್ನು ಕಂಡು ತಾನೇ ಅಳುವವನು. ತಂದೆತಾಯಿಗಳು ಪರದೇಶದಲ್ಲಿರುವುದರಿಂದ ಅವನು ಮಿಕಿ ಎಂಬ ಹುಡುಗಿಯ ಮನೆಯಲ್ಲಿ ಬೆಳೆಯುತ್ತಿರುವನು. ಬಾಲ್ಯಸ್ನೇಹಿತನಾದ ರಿಯೋ ಅಸುಕನು ಒಂದು ದಿನ ಬಂದು, ದಾನವರು ಮನುಷ್ಯರ ದೇಹವನ್ನು ಹೊಕ್ಕು ಲೋಕವನ್ನು ಕಬಳಿಸಲಿರುವರೆಂದೂ, ಅವರನ್ನೆದುರಿಸಬೇಕಾದರೆ ದಾನವನ ಬಲವನ್ನೇ ಪಡೆಯಬೇಕೆಂದೂ ಹೇಳುತ್ತಾನೆ. ಮದ್ಯವೂ ಕಾಮವೂ ಮಿತಿಮೀರಿದ ಕೂಟವೊಂದರಲ್ಲಿ ರಕ್ತ ಹರಿದು, ಆಮೋನ್ ಎಂಬ ಮಹಾದಾನವನು ಅಕಿರನನ್ನು ಹೊಗುತ್ತಾನೆ. ದಾನವನು ಹೊಕ್ಕ ಇತರರ ಮನಸ್ಸು ಅಳಿಯುವುದು. ಅಕಿರನ ಮನಸ್ಸಾದರೋ ಉಳಿಯುವುದು. ದೇಹವು ದಾನವನದು, ಹೃದಯವು ಮಾನವನದು. ರೂಪಾಂತರವಾದಮೇಲೂ ಅವನ ಕಣ್ಣೀರು ಬತ್ತುವುದಿಲ್ಲ.

ಭರತನು ಬೀಭತ್ಸದಿಂದ ಭಯಾನಕವೂ ರೌದ್ರದಿಂದ ಕರುಣವೂ ಹುಟ್ಟುವುವೆಂದು ನಾಟ್ಯಶಾಸ್ತ್ರದಲ್ಲಿ ಹೇಳಿದ್ದಾನೆ. ಈ ಮಾಲೆಯನ್ನು ಮೇಲುನೋಟದಿಂದ ನೋಡುವವರು ಮೊದಲನೆಯ ಜೋಡಿಯಲ್ಲಿಯೇ ನಿಂತುಬಿಡುವರು. ಹರಿದ ಮಾಂಸ, ಬಾಯ್ದೆರೆದ ಹೊಟ್ಟೆ, ಮುರಿದ ಎಲುಬು ಇವೆಲ್ಲವೂ ಜುಗುಪ್ಸೆಯನ್ನು ಹುಟ್ಟಿಸುವುದರಲ್ಲಿ ಸಂದೇಹವಿಲ್ಲ. ಆದರೆ ಕೃತಿಯ ಗತಿಯು ಎರಡನೆಯ ಜೋಡಿಯ ಕಡೆಗೆ. ಬೀಭತ್ಸ ಭಯಾನಕಗಳು ಇಲ್ಲಿ ಅಂಗಗಳು. ಅಂಗಿಯಾದ ರಸವು ಕರುಣ. ಸಾತ್ತ್ವಿಕ ಭಾವಗಳಲ್ಲಿ ಒಂದಾದ ಅಶ್ರುವು ಇಲ್ಲಿ ಭಾವಸೂಚಕವಾಗಿರುವುದಲ್ಲದೆ, ಮಾನವನಾರು ದಾನವನಾರು ಎಂಬುದನ್ನು ಅಳೆಯುವ ಒರೆಗಲ್ಲೂ ಆಗಿದೆ.

ಎರಡು ಸಂದರ್ಭಗಳು ಇದಕ್ಕೆ ಸಾಕ್ಷಿ. ಜಿನ್ಮೆನ್ ಎಂಬ ದಾನವನು ಆಮೆಯಂತಹವನು. ತಾನು ತಿಂದವರ ಮುಖಗಳನ್ನು ಚಿಪ್ಪಿನ ಮೇಲೆ ಜೀವಂತವಾಗಿ ಹೊತ್ತಿರುವನು. ಆ ಮುಖಗಳಲ್ಲಿ ಅಕಿರನ ತಾಯಿಯ ಮುಖವೂ ಒಂದು. ದಾನವನನ್ನು ಕೊಲ್ಲಬೇಕಾದರೆ ತಾಯಿಯ ಮುಖದ ಮೇಲೆಯೇ ಕೈಮಾಡಬೇಕು. ಅಕಿರನು ಗೆಲ್ಲುತ್ತಾನೆ, ಆದರೆ ಆ ಗೆಲವಿನಲ್ಲಿ ವೀರವು ಲೇಶವೂ ಇಲ್ಲ. ಮತ್ತೊಂದೆಡೆಯಲ್ಲಿ ಸಿರೀನ್ ಎಂಬ ದಾನವಿಯು ಅಕಿರನೊಡನೆ ಹೋರಾಡಿ ಸಾಯುವ ಸ್ಥಿತಿಗೆ ಬಂದಾಗ, ಅವಳನ್ನು ಪ್ರೀತಿಸುವ ಕೈಮ್ ಎಂಬ ದಾನವನು ತನ್ನ ಪ್ರಾಣವನ್ನೂ ದೇಹವನ್ನೂ ಅವಳಿಗೆ ಒಪ್ಪಿಸಿಬಿಡುತ್ತಾನೆ. ದಾನವರಿಗೆ ಪ್ರೀತಿಯಿಲ್ಲವೆಂಬ ಮಾತು ಅಲ್ಲಿಗೆ ಸುಳ್ಳಾಗುವುದು. ಹೀಗೆ ಕೃತಿಯು ಮನುಷ್ಯ–ದಾನವರ ನಡುವಣ ಗೆರೆಯನ್ನು ಎರಡು ಕಡೆಯಿಂದಲೂ ಅಳಿಸುತ್ತ ಬರುತ್ತದೆ.

ಆ ಗೆರೆಯು ಪೂರ್ಣವಾಗಿ ಅಳಿಯುವುದು ಉತ್ತರಾರ್ಧದಲ್ಲಿ. ರಿಯೋವು ದಾನವರ ಇರವನ್ನು ಲೋಕಕ್ಕೆಲ್ಲ ಪ್ರಸಾರಮಾಡುತ್ತಾನೆ. ಸಮಾಜದ ವಿಷಯದಲ್ಲಿ ಅತೃಪ್ತರಾದವರೇ ದಾನವರಾಗುವರೆಂದು ಸಾರುತ್ತಾನೆ. ಅಲ್ಲಿಂದಾಚೆಗೆ ನೆರೆಯವನಿಗೆ ನೆರೆಯವನೇ ಶತ್ರು. ಸಂಶಯವೇ ಪ್ರಮಾಣ, ದಂಡನೆಗೆ ವಿಚಾರಣೆ ಬೇಡ. ಕಟ್ಟಿಹಾಕಿದವರ ಮೇಲೆ ಜನರು ಕಲ್ಲೆಸೆಯುತ್ತಿರುವಾಗ ಅಕಿರನು ಅಡ್ಡನಿಂತು, ತಿರುಗಿ ಹೊಡೆಯದೆ, ಅಳುತ್ತ ಆ ಕಲ್ಲುಗಳನ್ನು ತಾಳಿಕೊಳ್ಳುತ್ತಾನೆ. ಮಗುವೊಂದು ಬಂದು ಅವನನ್ನು ಅಪ್ಪಿಕೊಳ್ಳುತ್ತದೆ. ಎಸೆಯುವ ಕೈಗಳು ಸಡಿಲವಾಗುವುವು. ಇಡೀ ಮಾಲೆಯಲ್ಲಿ ಕಣ್ಣೀರು ಜಯಿಸುವುದು ಈ ಎಡೆಯಲ್ಲಿ. ಅದರ ಬೆನ್ನಿಗೇ, ಅಕಿರನಲ್ಲಿ ತನಗೆ ನಂಬಿಕೆಯಿದೆಯೆಂದು ಅಂತರ್ಜಾಲದಲ್ಲಿ ಬರೆದ ಮಿಕಿಯನ್ನು ಗುಂಪೊಂದು ಮನೆಗೆ ನುಗ್ಗಿ ಕೊಲ್ಲುತ್ತದೆ. ಕೊಂದವರಾರೂ ದಾನವರಲ್ಲ, ಅವರ ದೇಹದಲ್ಲಿ ಯಾವ ವಿಕಾರವೂ ಆಗಿಲ್ಲ. ರೂಪವು ಬದಲಾಗದೆ ಆದ ಈ ರೂಪಾಂತರವೇ ಕಥೆಯ ನಿಜವಾದ ಭಯಾನಕ. ನಾಗಾಯ್ ಅವರು ತಮ್ಮ ಕೃತಿಯನ್ನು ಯುದ್ಧವಿರೋಧಿಯೆಂದು ಕರೆದಿರುವುದು ಇಲ್ಲಿ ಸ್ಮರಣೀಯ. ಮನುಷ್ಯನು ದಾನವನೊಡನೆ ಬೆರೆಯುವುದು, ಅವರ ದೃಷ್ಟಿಯಲ್ಲಿ, ಆಯುಧವನ್ನು ಕೈಗೆತ್ತಿಕೊಳ್ಳುವುದಕ್ಕೆ ಸಮಾನ.

ಮೂಲದಲ್ಲಿದ್ದ ಪುಂಡುಹುಡುಗರ ತಂಡಕ್ಕೆ ಬದಲಾಗಿ ಯುವಾಸರು ಬೀದಿಯಲ್ಲಿ ‘ರ‍್ಯಾಪ್’ ಹಾಡುವ ತರುಣರನ್ನು ತಂದಿದ್ದಾರೆ. ಗ್ರೀಕ್ ರುದ್ರನಾಟಕದ ಮೇಳದಂತೆ ಇವರು ಕಥೆಯ ಅಂಚಿನಲ್ಲಿ ನಿಂತು ಅದರ ಮೇಲೆ ಮಾತನಾಡುತ್ತ, ಕಡೆಗೆ ಅದರೊಳಕ್ಕೇ ಸೆಳೆಯಲ್ಪಡುತ್ತಾರೆ. ಈ ಮಾರ್ಪಾಡು ಉಚಿತವಾದದ್ದು.

ಆದರೆ ಔಚಿತ್ಯದ ದೃಷ್ಟಿಯಿಂದ ದೋಷಗಳೂ ಇಲ್ಲದಿಲ್ಲ. ಮೊದಲ ಕಂತಿನ ಕೂಟದ ದೃಶ್ಯಕ್ಕೆ ಕಥಾವಶಾತ್ ಸಮರ್ಥನೆಯುಂಟು. ಮುಂದಿನ ಅನೇಕ ಕಾಮವಿಕಾರದ ಚಿತ್ರಗಳಿಗೆ ಅದಿಲ್ಲ. ವಿಶೇಷವಾಗಿ ಸ್ತ್ರೀದೇಹವನ್ನೇ ಮತ್ತೆ ಮತ್ತೆ ಕ್ರೌರ್ಯಕ್ಕೆ ಗುರಿಮಾಡಿರುವುದರಿಂದ ಕರುಣದ ಧಾರೆಯು ಹಲವೆಡೆ ತಡೆಯುತ್ತದೆ. ಬೀಭತ್ಸವು ಅಂಗವಾಗಿದ್ದರೆ ಶೋಭೆ. ತಾನೇ ಅಂಗಿಯಾಗಹೊರಟರೆ ರಸಭಂಗ. ಇದಲ್ಲದೆ, ಲೋಕವಿನಾಶವನ್ನು ಕಡೆಯ ಕಂತುಗಳಲ್ಲಿ ಇಟ್ಟಣಿಸಿರುವುದರಿಂದ ರಾಷ್ಟ್ರಗಳ ಅಳಿವು ವಾರ್ತೆಯಂತೆ ಕೇಳಿಸುತ್ತದೆ. ಮಿಕಿಯೊಬ್ಬಳ ಸಾವು ತಾಗುವಂತೆ ಕೋಟಿ ಜನರ ಸಾವು ತಾಗುವುದಿಲ್ಲ.

ಆದರೂ ಉಪಸಂಹಾರವು ಈ ದೋಷಗಳನ್ನು ಮೀರಿ ನಿಲ್ಲುತ್ತದೆ. ಕಥೆಯ ಆರಂಭದಲ್ಲಿಯೇ, ಸಾಯುತ್ತಿರುವ ಬೆಕ್ಕಿನ ಮರಿಗಾಗಿ ಬಾಲಕ ಅಕಿರನು ಅಳುವುದನ್ನೂ, ಪ್ರೀತಿಯೆಂಬುದೇ ಇಲ್ಲದಿರುವಾಗ ದುಃಖವೆಲ್ಲಿಯದೆಂದು ರಿಯೋವು ಬಗೆದಿರುವುದನ್ನೂ ತೋರಿಸಲಾಗಿತ್ತು. ರಿಯೋವೇ ದಾನವರ ಒಡೆಯನಾದ ಸೈತಾನನೆಂಬುದು ಕಡೆಗೆ ಬಯಲಾಗುವುದು. ಓಟದ ಪಂದ್ಯದಲ್ಲಿ ಒಬ್ಬರಿಂದೊಬ್ಬರಿಗೆ ಕೈಸಾಗಿಸುವ ಕೋಲು ಈ ಮಾಲೆಯಲ್ಲಿ ಮತ್ತೆ ಮತ್ತೆ ಬರುವ ಪ್ರತಿಮೆ. ಅಕಿರನು ಅದನ್ನು ರಿಯೋವಿಗೆ ನೀಡುತ್ತಾನೆ, ರಿಯೋವಿನ ಕೈ ಅದನ್ನು ಹಿಡಿಯದು. ಯುದ್ಧವೆಲ್ಲ ಮುಗಿದು, ತಾನೇ ಕೊಂದ ಗೆಳೆಯನ ಪಕ್ಕದಲ್ಲಿ ಮಲಗಿ ಮಾತನಾಡುತ್ತಿರುವ ಸೈತಾನನು, ಆ ಗೆಳೆಯನು ಮರುನುಡಿಯುವುದಿಲ್ಲವೆಂದು ಅರಿತಾಗ ಮೊಟ್ಟಮೊದಲ ಬಾರಿಗೆ ಅಳುತ್ತಾನೆ. ಅನಂತರ ಭೂಮಿಯೂ ಅಳಿದು, ಎರಡು ಚಂದ್ರರುಳ್ಳ ಹೊಸ ಭೂಮಿಯು ಕಾಣಿಸುವುದು.

ಕಲ್ಮಾಷಪಾದನಿಗೆ ದೊರೆತ ಬಿಡುಗಡೆಯು ಇಲ್ಲಿ ಯಾರಿಗೂ ಇಲ್ಲ. ಇದ್ದಲ್ಲಿ ಒಂದೇ: ದುಃಖವನ್ನರಿಯದವನು ದುಃಖವನ್ನರಿತನೆಂಬುದು, ಅರಿಯುವ ವೇಳೆಗೆ ಅರಿತು ಫಲವಿಲ್ಲವಾಯಿತೆಂಬುದು. ದಾನವನು ಕಡೆಯ ಗಳಿಗೆಯಲ್ಲಿ ಮನುಷ್ಯನಾದ ಈ ಪ್ರತಿಲೋಮ ರೂಪಾಂತರದಿಂದಲೇ ಕೃತಿಯು ರುದ್ರನಾಟಕದ ಪದವಿಗೆ ಏರಿದೆ. ರಕ್ತವನ್ನು ಕಂಡು ಕಣ್ಣುಮುಚ್ಚುವವರಿಗೆ ಈ ಮಾಲೆಯು ಸಲ್ಲದು. ರೂಪಾಂತರದ ಕಥೆಯನ್ನು ತರಗತಿಯಲ್ಲಿ ವಿವರಿಸುವ ಅಧ್ಯಾಪಕರಿಗಾದರೋ, ಹಳೆಯ ವಸ್ತುವು ಹೊಸ ಕಾಲದಲ್ಲಿ ಹೇಗೆ ಬೇರೊಂದು ಅರ್ಥವನ್ನು ತಳೆಯಿತೆಂಬುದಕ್ಕೆ ಇದು ವಿಚಾರಾರ್ಹವಾದ ನಿದರ್ಶನ.