ಕೊರಳ ಬೆನ್ನೆಲುಬಿನ ಆಘಾತಗಳ ಸಂಕೇತಾವಳಿ: ಆಕರವಾಗಿ ಅದರ ಬೆಲೆ

ಆಸ್ಪತ್ರೆಯ ದಫ್ತರುಗಳನ್ನು ಚರಿತ್ರೆಯ ಆಕರವೆಂದು ಎಣಿಸುವ ರೂಢಿ ನಮ್ಮಲ್ಲಿ ಇನ್ನೂ ಬಲಿತಿಲ್ಲ. ಶಾಸನ, ಕಡತ, ಕೈಫಿಯತ್ತುಗಳಿಗೆ ಸಲ್ಲುವ ಪರೀಕ್ಷೆ ರೋಗನಿರ್ಣಯದ ಸಂಕೇತಗಳಿಗೂ ಸಲ್ಲಬೇಕೆಂಬುದು ಈ ಲೇಖಕನ ಅಭಿಪ್ರಾಯ. ನಮ್ಮ ಕಾಲದವರ ದೇಹದುಃಖವನ್ನು ಮುಂದಿನವರು ತಿಳಿಯುವುದು ಬಹುಮಟ್ಟಿಗೆ ಈ ಅಕ್ಷರಾಂಕಗಳ ಮೂಲಕವೇ. ಆದುದರಿಂದ ಅಂತರರಾಷ್ಟ್ರೀಯ ರೋಗವರ್ಗೀಕರಣದ ಹತ್ತನೆಯ ಪರಿಷ್ಕರಣದಲ್ಲಿ ಕೊರಳಿನ ಆಘಾತಗಳಿಗೆ ಮೀಸಲಾದ ಭಾಗವನ್ನು ವೈದ್ಯನ ಕಣ್ಣಿನಿಂದಲ್ಲದೆ ಆಕರವಿಮರ್ಶಕನ ಕಣ್ಣಿನಿಂದ ಇಲ್ಲಿ ಪರಿಶೀಲಿಸಿದೆ.

ಈ ವರ್ಗೀಕರಣ ಹುಟ್ಟಿದುದು ಸತ್ತವರನ್ನು ಎಣಿಸುವುದಕ್ಕಾಗಿ. 1893ರಲ್ಲಿ ಬೆರ್ಟಿಯೋಂ ಮುಂದಿಟ್ಟದ್ದು ಮರಣಕಾರಣಗಳ ಪಟ್ಟಿ. ಬದುಕಿ ನರಳುವವನಿಗೆ ಅದರಲ್ಲಿ ವ್ಯವಸ್ಥಿತವಾದ ಸ್ಥಾನ ದೊರೆತುದು 1948ರ ಆರನೆಯ ಪರಿಷ್ಕರಣದಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಹೊಣೆ ಹೊತ್ತ ಬಳಿಕ. ಹತ್ತನೆಯದು 1990ರಲ್ಲಿ ಅಂಗೀಕೃತವಾಯಿತು.

ಇದರಲ್ಲಿ ಎಸ್ 12 ಕೊರಳಿನ ಮುರಿತಕ್ಕೆ, ಎಸ್ 13 ಕೀಲು ತಪ್ಪುವುದಕ್ಕೂ ಉಳುಕಿಗೂ, ಎಸ್ 14 ನರಗಳಿಗೂ ಬೆನ್ನುಹುರಿಗೂ ಸೇರಿವೆ. ಮೊದಲೆರಡು ಕಶೇರುಕಗಳಿಗೆ ಬೇರೆ ಬೇರೆ ಅಂಕಿಗಳುಂಟು. ಇದು ಉಚಿತವೇ, ಆಕಾರದಲ್ಲಿಯೂ ಮುರಿಯುವ ರೀತಿಯಲ್ಲಿಯೂ ಅವು ಉಳಿದವುಗಳಂತಲ್ಲ. ಮೊದಲನೆಯ ಕಶೇರುಕ ಒಡೆಯುವ ಪರಿಯನ್ನು ಜೆಫರ್‌ಸನ್ 1920ರಷ್ಟು ಹಿಂದೆಯೇ ವಿವರಿಸಿದ್ದನು. ಆದರೆ ಮೂರರಿಂದ ಏಳನೆಯವರೆಗಿನ ಐದೂ ಎಸ್ 12.2 ಎಂಬ ಒಂದೇ ಅಂಕಿಯನ್ನು ಹಂಚಿಕೊಳ್ಳಬೇಕು. 2015ರ ಅಕ್ಟೋಬರ್ 1ರಿಂದ ಬಳಕೆಗೆ ಬಂದ ಅಮೆರಿಕದ ರೂಪಾಂತರವು ಪ್ರತಿಯೊಂದು ಕಶೇರುಕಕ್ಕೂ ಪ್ರತ್ಯೇಕ ಸಂಕೇತ ಕೊಟ್ಟು, ಚಿಕಿತ್ಸೆ ನಡೆಯುತ್ತಿರುವುದೋ, ಗುಣವಾಗುವ ಘಟ್ಟವೋ, ಉಳಿದುಹೋದ ಊನವೋ ಎಂಬುದನ್ನು ಕಡೆಯ ಅಕ್ಷರದಿಂದ ಸೂಚಿಸುತ್ತದೆ. ವಿವರದ ಮಟ್ಟಿಗೆ ಅದು ಮೇಲು.

ಆದರೆ ದೋಷದ ಮೂಲ ಅಂಕಿಗಳ ಕೊರತೆಯಲ್ಲಿಲ್ಲ. ಮೌನವನ್ನು ನಡೆಸಿಕೊಳ್ಳುವ ಕ್ರಮದಲ್ಲಿದೆ. ಮುರಿತವು ತೆರೆದ ಗಾಯವುಳ್ಳದ್ದೋ ಮುಚ್ಚಿದುದೋ ಎಂಬುದನ್ನು ವೈದ್ಯನು ಬರೆಯದಿದ್ದರೆ ಮುಚ್ಚಿದುದೆಂದೇ ಎಣಿಸಬೇಕೆಂದು ನಿಯಮ. ಅಮೆರಿಕದ ರೂಪಾಂತರದಲ್ಲಿ ಇನ್ನೊಂದು ನಿಯಮವಿದೆ: ಮೂಳೆ ಸ್ಥಾನ ಬಿಟ್ಟಿತೋ ಇಲ್ಲವೋ ತಿಳಿಸದಿದ್ದಲ್ಲಿ ಬಿಟ್ಟಿತೆಂದೇ ಬರೆಯಬೇಕು. ಒಂದು ಮೌನಕ್ಕೆ ಸೌಮ್ಯವಾದ ಅರ್ಥ, ಮತ್ತೊಂದು ಮೌನಕ್ಕೆ ಉಗ್ರವಾದ ಅರ್ಥ! ಲೆಕ್ಕಪತ್ರದ ಅನುಕೂಲಕ್ಕೆ ಇಂಥ ಕಟ್ಟಳೆ ಬೇಕಾಗಬಹುದು. ಆದರೆ ಶಾಸನವನ್ನು ಸಂಪಾದಿಸುವವನು ಕಲ್ಲು ಒಡೆದಲ್ಲಿ ತ್ರುಟಿತವೆಂದು ಗುರುತಿಸುತ್ತಾನೆ. ತಾನು ಊಹಿಸಿ ತುಂಬಿದ ಅಕ್ಷರಗಳನ್ನು ಆವರಣದೊಳಗೆ ಇಡುತ್ತಾನೆ. ಇಲ್ಲಿ ಆ ಆವರಣವಿಲ್ಲ. ಕಂಡು ಬರೆದುದಕ್ಕೂ ಕಾಣದೆ ತುಂಬಿದುದಕ್ಕೂ ಒಂದೇ ಅಂಕಿ. ಇದಕ್ಕೆ ಹೋಲಿಸಿದರೆ ಭಾಗ ನಮೂದಿಸದ ಮುರಿತವೆಂಬ ಎಸ್ 12.9 ಎಷ್ಟೋ ಪ್ರಾಮಾಣಿಕವಾದದ್ದು. ತನಗೆ ತಿಳಿಯದೆಂದು ಅದು ಒಪ್ಪಿಕೊಳ್ಳುತ್ತದೆ.

ಬೆನ್ನುಹುರಿಯ ವಿಷಯದಲ್ಲಿ ಮೂಲ ವರ್ಗೀಕರಣದ ಬಡತನ ಇನ್ನೂ ಎದ್ದು ಕಾಣುತ್ತದೆ. ಹುರಿಯ ಅದಿರಾಟಕ್ಕೂ ಬಾವಿಗೂ ಎಸ್ 14.0, ಮಿಕ್ಕುದೆಲ್ಲ ಎಸ್ 14.1. ಕತ್ತಿನಿಂದ ಕೆಳಗೆ ಚಲನೆ, ಸ್ಪರ್ಶಗಳೆರಡನ್ನೂ ಪೂರ್ಣವಾಗಿ ಕಳೆದುಕೊಂಡವನೂ, ಕೈಗಳಷ್ಟೇ ಸೋತು ಕಾಲುಗಳಲ್ಲಿ ಬಲ ಉಳಿದವನೂ ಈ ಒಂದೇ ಅಂಕಿಯಲ್ಲಿ ಅಡಗುತ್ತಾರೆ. ಉಳಿದ ಶಕ್ತಿಯನ್ನು ಎ ಯಿಂದ ಇ ವರೆಗೆ ಐದು ದರ್ಜೆಗಳಲ್ಲಿ ಅಳೆಯುವ ಕ್ರಮವನ್ನು ಫ್ರಾಂಕೆಲ್ ಮತ್ತು ಸಂಗಡಿಗರು 1969ರಲ್ಲಿಯೇ ಪ್ರಕಟಿಸಿದ್ದರು. ಹತ್ತನೆಯ ಪರಿಷ್ಕರಣದ ಕರ್ತರಿಗೆ ಇದು ಅಪರಿಚಿತವಾಗಿತ್ತೆನ್ನುವುದು ಕಷ್ಟ. ಅಮೆರಿಕದವರು ಪೂರ್ಣಹಾನಿ, ಅಪೂರ್ಣಹಾನಿಗಳನ್ನು ಬೇರ್ಪಡಿಸಿ, ಮೂಳೆಗಿಂತ ಮೊದಲು ಹುರಿಯ ಹಾನಿಯನ್ನು ಬರೆಯಬೇಕೆಂದು ವಿಧಿಸಿರುವುದು ಮೆಚ್ಚತಕ್ಕ ತಿದ್ದುಪಡಿ. ಮೂಳೆ ಕೂಡಿಕೊಳ್ಳಬಹುದು, ರೋಗಿಯ ಮುಂದಿನ ಬಾಳನ್ನು ನಿರ್ಧರಿಸುವುದು ಹುರಿ.

ಇಲ್ಲಿ ಒಂದು ಪ್ರಾಚೀನ ದಾಖಲೆಯನ್ನು ನೆನೆಯದಿರಲಾಗದು. ಎಡ್ವಿನ್ ಸ್ಮಿತ್ ಪಪೈರಸ್ ಎಂದು ಹೆಸರಾದ, ಸು. ಕ್ರಿ. ಪೂ. 1600ರ ಈಜಿಪ್ಟಿನ ಪ್ರತಿಯನ್ನು ಬ್ರೆಸ್ಟೆಡ್ 1930ರಲ್ಲಿ ಪ್ರಕಟಿಸಿದನು. ಅದರಲ್ಲಿರುವ 48 ಪ್ರಕರಣಗಳಲ್ಲಿ 29ರಿಂದ 33ರವರೆಗಿನವು ಕೊರಳ ಕಶೇರುಕಗಳಿಗೆ ಸಂಬಂಧಿಸಿದವು. ಗಾಯ, ಉಳುಕು, ಕೀಲು ತಪ್ಪಿಕೆ, ಜರುಗುವಿಕೆ, ಜಜ್ಜುವಿಕೆ ಎಂಬ ವಿಂಗಡಣೆ ಅಲ್ಲಿಯೂ ಇದೆ. ಮೂವತ್ತೊಂದನೆಯ ಪ್ರಕರಣದಲ್ಲಿ ತಪ್ಪಿದ ಕೀಲಿನ ಜತೆಯಲ್ಲಿಯೇ ರೋಗಿಗೆ ಕೈಕಾಲುಗಳ ಅರಿವಿಲ್ಲದಿರುವುದನ್ನೂ, ಮೂತ್ರ ತೊಟ್ಟಿಕ್ಕುವುದನ್ನೂ ಬರೆದಿದೆ. ಮೂವತ್ತಮೂರರಲ್ಲಿ ತಲೆಕೆಳಗಾಗಿ ಬಿದ್ದುದೇ ಕಾರಣವೆಂಬ ವಿವರಣೆಯೂ ಉಂಟು. ಕೊನೆಗೆ ಚಿಕಿತ್ಸೆ ಮಾಡತಕ್ಕದ್ದೋ, ಹೆಣಗಾಡತಕ್ಕದ್ದೋ, ಕೈಬಿಡತಕ್ಕದ್ದೋ ಎಂಬ ತೀರ್ಪು. ಮೂಳೆ, ಅಂಗ, ಕಾರಣ, ಭವಿಷ್ಯ ನಾಲ್ಕೂ ಒಂದೆಡೆ ಇವೆ. ಪ್ರಾಚೀನರು ನಮಗಿಂತ ಬಲ್ಲವರೆಂದು ಕೊಂಡಾಡುವ ಚಪಲ ನನಗಿಲ್ಲ. ಎಣಿಕೆಗೆ ಆ ಬರಹ ಒದಗದು. ಆದರೆ ಓದಿದವನಿಗೆ ಅಲ್ಲಿ ಒಬ್ಬ ಮನುಷ್ಯ ಕಾಣುತ್ತಾನೆ.

ನಮ್ಮ ವರ್ಗೀಕರಣದಲ್ಲಿ ಕಾರಣಕ್ಕೆ ಬೇರೆ ಅಧ್ಯಾಯವೇ ಇದೆ. ಮರದಿಂದ ಬಿದ್ದುದಕ್ಕೆ ಡಬ್ಲ್ಯೂ 14. ಸ್ಥಳ ತೋಟವಾದರೆ ಮುಂದೆ 7. ಕೂಲಿಗಾಗಿ ದುಡಿಯುತ್ತಿದ್ದರೆ ಚಟುವಟಿಕೆಯ ಅಂಕಿ 2. ಮಲೆನಾಡಿನ ಅಡಕೆಯ ಮರವೇರಿ ಬಿದ್ದ ಕೊನೆಗಾರನ ಪರಿಹಾರದ ಹಕ್ಕಿಗೆ ಕೊರಳಿನ ಅಂಕಿಗಿಂತ ಈ ಕಡೆಯ ಎರಡು ಅಂಕಿಗಳೇ ಹೆಚ್ಚಿನ ಸಾಕ್ಷಿಯಾಗಬಲ್ಲವು. ಆದರೆ ವೈದ್ಯನು ಬರೆಯದಿದ್ದುದನ್ನು ಸಂಕೇತಕಾರನು ಊಹಿಸಿ ಸೇರಿಸುವಂತಿಲ್ಲ. ಸರದಿಯಲ್ಲಿ ನೂರು ಜನ ಕಾದಿರುವಾಗ ಚೀಟಿಯಲ್ಲಿ ‘ಬಿದ್ದು ಪೆಟ್ಟು’ ಎಂದಷ್ಟೇ ಗೀಚಿದರೆ, ಯಾವ ಮರ, ಯಾರ ತೋಟ, ಯಾರ ಕೆಲಸ ಎಂಬ ಮೂರೂ ಅಲ್ಲಿಗೇ ಅಳಿದುವು. 2022ರಲ್ಲಿ ಜಾರಿಗೆ ಬಂದ ಹನ್ನೊಂದನೆಯ ಪರಿಷ್ಕರಣವು ಸಂಕೇತಗಳನ್ನು ಒಂದಕ್ಕೊಂದು ಪೋಣಿಸಲು ಅವಕಾಶ ಮಾಡಿಕೊಟ್ಟಿದೆ. ದಾರ ದೊರೆತಿದೆ, ಮಣಿಗಳು ಬರಬೇಕಾದುದು ಆ ಚೀಟಿಯಿಂದಲೇ.